ಬಲಗಾಲಿಗೆ ಕಲಿಸಿದ ಬಸ್ಕಿ

ಗಂಭೀರವಾಗಿ ಏನಾದರೂ ಮಾಡಲು ಹೊರಟಾಗಲೆಲ್ಲ ನಾನು ನಗೆಪಾಟಲಾಗುವುದು ಹಳೇ ರೂಢಿ. ಸ್ವಾತಂತ್ರ್ಯಕ್ಕೆ ಹತ್ತಾರು ವರ್ಷ ಮುಂಚೆ, ಜಾವಳಿ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದಾಗಿನ ಮಾತು. ಜಾರಿ ಬಿದ್ದು ಬಲ ಮೊಣಕಾಲು ಸೋತಿತ್ತು. ಎಸ್ಟೇಟಿನ ಸಾಹುಕಾರರು ನನ್ನ ಕುಂಟು ನಡಿಗೆ ನೋಡಿ, "ಕೊಯ್ಲಿನ ಹೊತ್ತಿಗೆ ನಿಮ್ಮನ್ನ ಗುಡ್ಡದ ಮೇಲಿನ ತೋಟದಲ್ಲಿ ನೋಡ್ಬೇಕು ರೈಟ್ರೇ. ಇಲ್ದಿದ್ರೆ ಏನಾದ್ರೂ ಯೋಚನೆ ಮಾಡ್ಬೇಕಾಗುತ್ತೆ" ಅಂದರು. ಕೆಲಸ ಹೋದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದೆಂದು ನಿಜಕ್ಕೂ ಹೆದರಿದೆ. ಕಾಲು ಗಟ್ಟಿ ಮಾಡಿಕೊಳ್ಳಲು ಭಾನುವಾರಗಳಂದು ಮೂಡಿಗೆರೆಯ ಉಸ್ತಾದರೊಬ್ಬರಲ್ಲಿಗೆ ಹೋಗತೊಡಗಿದೆ. ಲಾರಿ ರಿಪೇರಿ ಅವರ ಕಸುಬು. ಶೆಡ್ಡಿನ ಹಿಂದೆ ಗರಡಿ ಇಟ್ಟುಕೊಂಡಿದ್ದರು.

ಚೊಂಬು

ಅವರು ಕಲಿಸಿದ್ದು ಹೆಜ್ಜೆ ಬಸ್ಕಿ. ಒಂದು ಕಾಲು ಉದ್ದಕ್ಕೆ ಮುಂದಿಡಬೇಕು. ಬೆನ್ನು ನೆಟ್ಟಗಿರಬೇಕು. ಹಿಂದಿನ ಮೊಣಕಾಲು ಇನ್ನೇನು ನೆಲಕ್ಕೆ ತಾಗುತ್ತದೆ ಅನ್ನುವವರೆಗೆ ಇಳಿದು, ಮುಂದಿನ ಹಿಮ್ಮಡಿ ಒತ್ತಿ ಏಳಬೇಕು. ಮುಂದಿನ ಮೊಣಕಾಲು ಒಳಕ್ಕೆ ವಾಲಕೂಡದು. ನಾನು ಮೊದಲ ದಿನವೇ ಕೈಗೆ ಭಾರ ಕೇಳಿದೆ. ಅವರು ಎರಡೂ ಕೈಗೆ ನೀರು ತುಂಬಿದ ಚೊಂಬು ಕೊಟ್ಟರು. ನೀರು ತುಳುಕಿದರೆ ಬೆನ್ನು ಬಾಗಿದೆ ಎಂದರ್ಥ. ಹತ್ತು ಹೆಜ್ಜೆಗೆ ಪಂಚೆ ಹಿಂಡುವಂತಾಯಿತು, ಚೊಂಬು ಖಾಲಿ.

"ಈಗ ಹಗುರ ಆಯ್ತು, ಚೆನ್ನಾಗಿ ಬರುತ್ತೆ" ಅಂದೆ.

"ನೀರು ಬಾವೀಲಿ ಇನ್ನೂ ಇದೆ ಮಾರಾಯ್ರೆ" ಅಂದರು ಉಸ್ತಾದರು. "ಮೊಣಕಾಲಿನ ಚಿಪ್ಪು ಬಾವೀಲಿ ಸಿಗೋದಿಲ್ಲ."

ಹರಕೆ

ಎಸ್ಟೇಟಿನ ಮಣ್ಣುದಾರಿಯಲ್ಲಿ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದೆ. ಹೆಜ್ಜೆಹೆಜ್ಜೆಗೂ ಮೊಣಕಾಲು ಬಗ್ಗಿಸುವ ರೈಟರನ್ನು ಕಂಡು ಆಳುಗಳೆಲ್ಲ ದಾರಿ ಬಿಟ್ಟು ಕೈಮುಗಿದು ನಿಂತರು. ದೇವರಮನೆ ಬೆಟ್ಟದ ದೇವಸ್ಥಾನಕ್ಕೆ ಹೆಜ್ಜೆ ನಮಸ್ಕಾರದ ಹರಕೆ ಹೊತ್ತಿದ್ದೇನೆಂದು ಸುದ್ದಿಯಾಗಿತ್ತು. ಮೂರನೇ ದಿನ ತೋಟದ ಕೆಲಸದ ಮುದುಕಿಯೊಬ್ಬಳು ತೆಂಗಿನಕಾಯಿ ತಂದು ಮುಂದಿಟ್ಟಳು.

"ಹರಕೆ ಅಲ್ಲ ಅಜ್ಜಿ, ಮೊಣಕಾಲಿಗೋಸ್ಕರ ಮಾಡೋದು ಇದು" ಅಂದೆ.

"ಮತ್ತೆ ನಂದೂ ಸೇರ್ಸಿ ಬೇಡ್ಕಳಿ ಅಯ್ಯಾ. ನಂದು ಎಡಗಾಲು."

ನಗು ಬಂತು. ಆ ಕಾಲಿನಲ್ಲೇ ಅವಳು ಎಷ್ಟು ವರ್ಷದಿಂದ ಗುಡ್ಡ ಹತ್ತುತ್ತಿದ್ದಾಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಅವತ್ತಿನಿಂದ ಅವಳನ್ನು ಕೆಳಗಿನ ತೋಟದ ಕೆಲಸಕ್ಕೆ ಹಾಕಿಸಿದೆ. ಹರಕೆ ಫಲಿಸಿತೆಂದು ಅವಳು ಇನ್ನೊಂದು ಕಾಯಿ ತಂದಳು.

ಚೀಲ

ಮಳೆ ಹಿಡಿದ ಮೇಲೆ ಮನೆಯ ಜಗಲಿಯೇ ಗರಡಿ. ಮನೆಖರ್ಚಿನ, ಒಳಹೊಟ್ಟು ಬಿಡಿಸದ ಪಾರ್ಚ್‌ಮೆಂಟ್ ಕಾಫಿ ಬೀಜವನ್ನು ಎರಡು ಚೀಲಕ್ಕೆ ಸಮನಾಗಿ ತುಂಬಿ ಎರಡೂ ಕೈಲಿ ಹಿಡಿದೆ. ತಿಂಗಳು ಕಳೆಯುವಷ್ಟರಲ್ಲಿ ಬಲಗೈಗೆ ಭಾರವೇ ಗೊತ್ತಾಗದು. ಉಬ್ಬಿಹೋಗಿ ಉಸ್ತಾದರನ್ನು ಮನೆಗೆ ಕರೆದು ತೋರಿಸಿದೆ.

"ಎಡಕ್ಕೆ ವಾಲ್ತಾ ಇದ್ದೀರಲ್ಲ" ಎಂದು ಅವರು ಚೀಲಗಳನ್ನು ಎತ್ತಿ ನೋಡಿದರು. ಬಲಗೈಯದು ಅರ್ಧವೂ ಇರಲಿಲ್ಲ.

ಬಾಗಿಲ ಹಿಂದಿನಿಂದ ನನ್ನಾಕೆ ಹೇಳಿದಳು: "ದಿನಾ ಕುಟ್ಟಿ ಹುರಿಯೋಕೆ ಅದರಿಂದ್ಲೇ ತಗೊಂಡಿದ್ದು. ನಿಮ್ಮ ಶಕ್ತೀನ ನೀವೇ ಲೋಟ ಲೋಟ ಕುಡಿದಿದ್ದೀರಿ."

ಗುಡ್ಡ

ಕೊಯ್ಲು ಶುರುವಾದ ದಿನ ಸಾಹುಕಾರರು ಮುಂದೆ, ನಾನು ಹಿಂದೆ. ಬೆನ್ನು ನೆಟ್ಟಗೆ, ಹಿಮ್ಮಡಿ ಒತ್ತಿ ಒತ್ತಿ ಹತ್ತಿದೆ. ಅರ್ಧ ದಾರಿಯಲ್ಲಿ ನಾನು ಮುಂದಾದೆ. ತುದಿಯಲ್ಲಿ ನಿಂತಾಗ ಕಣ್ಣು ತುಂಬಿ ಬಂತು; ಮಕ್ಕಳ ಅನ್ನ ಉಳಿಯಿತು ಎನ್ನಿಸಿತು.

ಏದುಸಿರು ಬಿಡುತ್ತಾ ಬಂದ ಸಾಹುಕಾರರು ನನ್ನ ಭುಜ ತಟ್ಟಿದರು. "ಭೇಷ್ ರೈಟ್ರೇ. ನಿಮ್ಮಂಥವ್ರನ್ನ ಬಿಡೋಕಾಗುತ್ತಾ? ನಿಮ್ಮ ಅವಸ್ಥೆ ನೋಡಲಾರದೆ ವಸ್ತಾರೆಯಿಂದ ಒಂದು ಕುದುರೆ ತರ್ಸಿದ್ದೆ. ನಿಮಗೇ ಅಂತ ಕೆಳಗೆ ಕಟ್ಸಿದ್ದೀನಿ. ಇನ್ನು ಅದು ಬೇಡ, ವಾಪಸ್ ಕಳಿಸ್ತೀನಿ."

ಇಳಿಯುವಾಗ ದಾರಿಯುದ್ದಕ್ಕೂ, ಅವರ ಕಣ್ಣಿಗೆ ಬೀಳುವ ಹಾಗೆ, ಕುಂಟಿ ನೋಡಿದೆ. ಏನು ಮಾಡಿದರೂ ಹಾಳು ಕಾಲು ಕುಂಟಲೇ ಇಲ್ಲ.