ದಡ ಬಿಡದ ಪೆಟೂನಿಯಾ

ಎಲ್ಲ ರಗಳೆಗೂ ಮೂಲ ಕಾಲುವೆಯ ದಡದ ಮೇಲೆ ನೆಟ್ಟಿದ್ದ ಒಂದು ಫಲಕ. ಇಲ್ಲಿ ಯಾವ ದೋಣಿಯನ್ನೂ ಒಂದು ವಾರಕ್ಕಿಂತ ಹೆಚ್ಚು ಕಟ್ಟುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಲಯೊನೆಲ್ ಟ್ಯಾಪ್ಸೆಲ್‌ನ ವಾರ ಅಂದು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅವನ ಹೆಂಡತಿ ಹೆಟ್ಟಿ ಮಂಡಿಯ ಆಪರೇಷನ್ ಮುಗಿಸಿಕೊಂಡು ಆಸ್ಪತ್ರೆಯಿಂದ ಬರುವುದು ಅಂದು ಸಂಜೆಗೆ.

ಕಾಲುವೆ ನುಗ್ಗುವ ಇಸ್ಲಿಂಗ್ಟನ್ ಸುರಂಗದ ಬಾಯಲ್ಲಿ, ಮೆಟ್ಟಿಲಿಲ್ಲದ ಇಳಿಜಾರು ದಾರಿಯ ಬುಡದಲ್ಲೇ ಅವರ ದೋಣಿಮನೆ ಪೆಟೂನಿಯಾ ನಿಂತಿತ್ತು. ಆಸ್ಪತ್ರೆ ಎರಡು ಬೀದಿಯಾಚೆ. ಹೊಸ ಮಂಡಿಯವರಿಗೆ ಲಂಡನ್ನಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಇಲ್ಲಿಂದ ಹೊರಟರೆ ಮುಂದೆ ಎಲ್ಲಿ ದಡ ಸಿಗುತ್ತದೋ ದೇವರೇ ಬಲ್ಲ. ಬೇಸಿಗೆ ಬಂತೆಂದರೆ ಕಾಲುವೆಯುದ್ದಕ್ಕೂ ದೋಣಿಗಳು ಸಂತೆಗೆ ಹೊರಟ ಬಸ್ಸಿನ ಪ್ರಯಾಣಿಕರಂತೆ ಒಂದನ್ನೊಂದು ಒತ್ತಿಕೊಂಡೇ ನಿಂತಿರುತ್ತವೆ.

"ಅಷ್ಟಕ್ಕೆ ಮುಖ ಯಾಕೆ ಸಣ್ಣ ಮಾಡ್ಕೋತೀಯಪ್ಪಾ?" ಎಂದಳು ಪಕ್ಕದ ದೋಣಿಯ ಬೆರಿಲ್, ಟೊಮೆಟೊ ಗಿಡಕ್ಕೆ ನೀರು ಹಾಕುತ್ತ. "ತಪಾಸಣೆಯವರು ಬಂದ್ರೆ ಎಂಜಿನ್ ಕೆಟ್ಟಿದೆ ಅನ್ನು. ಕೆಟ್ಟ ದೋಣೀನ ಯಾರೂ ಓಡಿಸಲ್ಲ."

"ಸುಳ್ಳು ಹೇಳೋದಾ?"

"ಹೆಂಡ್ತಿ ಮಂಡಿಗೋಸ್ಕರ ಹೇಳೋದನ್ನ ಸುಳ್ಳು ಅನ್ನಲ್ಲ."

ಜೀವಮಾನವಿಡೀ ಪಿಯಾನೋಗಳ ಶ್ರುತಿ ಸರಿಮಾಡಿ ನಿವೃತ್ತನಾದ ಲಯೊನೆಲ್‌ಗೆ ಇಂಥ ವಿದ್ಯೆ ಒಗ್ಗಿದ್ದಲ್ಲ. ಒಳಗೆ ಹೋಗಿ ಕನ್ನಡಿಯೆದುರು "ಎಂಜಿನ್ ಕೆಟ್ಟಿದೆ" ಎಂದು ಹೇಳಿ ನೋಡಿಕೊಂಡ. ಕನ್ನಡಿಯೊಳಗಿನವನೂ ನಂಬಲಿಲ್ಲ.

ಅಷ್ಟರಲ್ಲಿ ಸುರಂಗದೊಳಗಿಂದ ಒಂದು ಹಳದಿ ದೋಣಿ ಹೊರಬಂದು ನಟ್ಟನಡು ಕಾಲುವೆಯಲ್ಲಿ ನಿಂತಿತು. ಅದನ್ನು ನಡೆಸುತ್ತಿದ್ದವಳು ಫಿಲಿಪಾ ಎಂಬ ಎತ್ತರದ ಹೆಂಗಸು. ಅವಳ ಕಾಲಬಳಿ ದಿಂಬಿನ ಹಾಗೆ ಊದಿಕೊಂಡ ಮುದಿನಾಯಿ.

"ನೀವು ಇವತ್ತು ಹೊರಡ್ತೀರಂತಲ್ಲ? ಬೆರಿಲ್ ನಿನ್ನೆ ಫೋನಲ್ಲಿ ಹೇಳಿದ್ರು," ಎಂದು ಆಕೆ ಕೂಗಿದಳು. "ಆತುರ ಏನಿಲ್ಲ, ಜಾಗ ಖಾಲಿ ಆಗೋವರೆಗೆ ಕಾಯ್ತೀನಿ."

ಲಯೊನೆಲ್ ಬೆರಿಲ್ ಕಡೆ ನೋಡಿದ. ಬೆರಿಲ್ ಟೊಮೆಟೊಗಳನ್ನು ಎಣಿಸತೊಡಗಿದಳು.

ಫಿಲಿಪಾ ಅಲ್ಲೇ ಚಹಾಕ್ಕಿಟ್ಟಳು. ಮದುವೆಮನೆಯ ಪಂಕ್ತಿಯಲ್ಲಿ ಉಣ್ಣುವವರ ಬೆನ್ನ ಹಿಂದೆ ನಿಂತು, ಇವರು ಮಜ್ಜಿಗೆಗೆ ಬಂದರೇ ಎಂದು ಇಣುಕುವವರಿರುತ್ತಾರಲ್ಲ, ಹಾಗಿತ್ತು ಅವಳ ಕಾಯುವಿಕೆ. ಲಯೊನೆಲ್‌ಗೆ ತಡೆಯಲಾಗಲಿಲ್ಲ.

"ಎಂಜಿನ್ ಕೆಟ್ಟಿದೆ!" ಎಂದು ಕೂಗಿಬಿಟ್ಟ.

"ಅಯ್ಯೋ ಪಾಪ! ಪಕ್ಕಕ್ಕೇ ಕಟ್ಕೋತಿದ್ದೆ, ಆದ್ರೆ ನನ್ನ ನಾಯಿ ಇನ್ನೊಂದು ದೋಣಿ ದಾಟಿ ದಡಕ್ಕೆ ಹೋಗಲ್ಲ. ಹಗ್ಗ ಎಸೀರಿ, ನಾನೇ ಎಳ್ಕೊಂಡು ಹೋಗಿ ಮುಂದೆ ಎಲ್ಲಾದ್ರೂ ಬಿಟ್ಟು ಬರ್ತೀನಿ."

ಸುಳ್ಳಿಗೆ ಇಂಥ ಉಪಕಾರ ಎದುರಾದೀತೆಂದು ಲಯೊನೆಲ್ ಎಣಿಸಿರಲಿಲ್ಲ. "ಬೇಡ ಬೇಡ, ರಿಪೇರಿ ಮಾಡೋವ್ರು ಬರ್ತಾರೆ," ಎಂದ.

"ಬರೋದೇನು, ಬಂದೇಬಿಟ್ಟೆ!" ಎಂಬ ದನಿ ಹಿಂದಿನಿಂದ ಕೇಳಿತು. ಮೂರನೆಯ ದೋಣಿಯ ಮುದುಕ ಹರ್ಮನ್ ಕ್ವೆಲ್ಚ್. ಸಿಟಿ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು. ನಿವೃತ್ತನಾದಂದಿನಿಂದ ಕೆಟ್ಟ ಎಂಜಿನ್ ಒಂದು ಕೈಗೆ ಸಿಗದೆ ಸೊರಗಿದ್ದ. ಈಗ ಹಳೇ ಕೆಲಸದ ಅಂಗಿ ತೊಟ್ಟು, ಸ್ಪ್ಯಾನರ್ ಪೆಟ್ಟಿಗೆ ಹಿಡಿದು, ಹಬ್ಬಕ್ಕೆ ಬಂದ ಅಳಿಯನ ಕಳೆಯಲ್ಲಿ ನಿಂತಿದ್ದ.

"ಸ್ಟಾರ್ಟ್ ಮಾಡು, ನೋಡೋಣ."

"ಬೇಡ ಹರ್ಮನ್, ಹೊಗೆ ಬರುತ್ತೆ."

"ಎಂಥ ಹೊಗೆ?"

"ಕಪ್ಪು... ಬಿಳೀನೂ ಇತ್ತು... ಒಂಥರಾ ನೀಲಿ."

"ಮೂರೂ ಬಣ್ಣಾನಾ!" ಕ್ವೆಲ್ಚ್‌ನ ಕಣ್ಣು ತುಂಬಿ ಬಂತು. "ಮೂವತ್ತು ವರ್ಷ ಬಸ್ಸು ರಿಪೇರಿ ಮಾಡಿದ್ರೂ ಇಂಥ ಕೇಸು ನೋಡಿರ್ಲಿಲ್ಲ ಕಣಯ್ಯಾ."

ಲಯೊನೆಲ್ ಅಡ್ಡ ನಿಲ್ಲುವ ಮುನ್ನವೇ ಅವನು ಹಿಂಬದಿಯ ಹಲಗೆಗಳನ್ನೆತ್ತಿ ಎಂಜಿನ್ ಗುಂಡಿಗೆ ಇಳಿದಾಗಿತ್ತು. ಮೊದಲು ಪಂಪು ಹೊರಬಂತು. "ಇದು ಚೆನ್ನಾಗಿದೆಯಲ್ಲ! ಹಾಗಾದ್ರೆ ರೋಗ ಇನ್ನೂ ಒಳಗಿದೆ," ಎಂದ. ಆಮೇಲೆ ಪೈಪುಗಳು ಬಂದವು. ಅವೂ ಚೆನ್ನಾಗಿದ್ದವು. ಒಂದೊಂದು ಭಾಗ ಆರೋಗ್ಯವಾಗಿ ಹೊರಬಂದಾಗಲೂ ಕ್ವೆಲ್ಚ್‌ನ ಮುಖ ಇನ್ನಷ್ಟು ಗಂಭೀರವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಪೆಟೂನಿಯಾದ ಚಾವಣಿ ಗುಜರಿ ಅಂಗಡಿಯಾಯಿತು. ಕೊನೆಗೊಂದು ಸ್ಪ್ರಿಂಗ್ ಅವನ ಕೈಯಿಂದ ಚಿಮ್ಮಿ, ಬಿಸಿಲಲ್ಲಿ ಒಮ್ಮೆ ಹೊಳೆದು, ಬುಳಕ್ಕೆಂದು ಕಾಲುವೆಗೆ ಬಿತ್ತು.

"ಅದು ಬೇಕಾಗಿತ್ತಾ?" ಲಯೊನೆಲ್ ಕೇಳಿದ.

"ಅದಿಲ್ದೆ ಏನೂ ಆಗಲ್ಲ," ಎಂದ ಕ್ವೆಲ್ಚ್ ಸಣ್ಣ ದನಿಯಲ್ಲಿ.

ಆಗಲೇ ಬೆರಿಲ್ ಪಿಸುಗುಟ್ಟಿದಳು: "ತಪಾಸಣೆಯವನು ಬಂದ! ನೀಲಿ ಕೋಟು!"

ಕಾಲುದಾರಿಯಲ್ಲಿ ನೀಲಿ ಕೋಟಿನವನೊಬ್ಬ ನಿಧಾನವಾಗಿ ಬರುತ್ತಿದ್ದ. ಎರಡು ಹೆಜ್ಜೆ ಇಡುವನು, ನಿಲ್ಲುವನು, ನೀರಿನ ಕಡೆ ನೋಡುವನು, ಕೈಯಲ್ಲಿದ್ದ ಪುಟ್ಟ ಯಂತ್ರವನ್ನು ಟಿಕ್ ಎನ್ನಿಸುವನು. ಒಂದೊಂದು ಟಿಕ್ಕಿಗೂ ಒಂದೊಂದು ದೋಣಿಯ ಕಿಟಕಿ ಪರದೆ ಮುಚ್ಚಿಕೊಳ್ಳುತ್ತಿತ್ತು. ಪೆಟೂನಿಯಾದ ಎದುರು ನಿಂತು ಅವನು ಟಿಕ್ ಟಿಕ್ ಟಿಕ್ ಎಂದು ಮೂರು ಸಲ ಒತ್ತಿದ.

ಲಯೊನೆಲ್ ಬೆರಳು ಮಡಿಸಿ ಎಣಿಸಿದ. ಒಂದೇ ತಪ್ಪಿಗೆ ಮೂರು ದಂಡವೇ?

"ಎಂಜಿನ್..." ಎಂದು ಶುರುಮಾಡಿದ. ನೀಲಿ ಕೋಟಿನವನು ಎಷ್ಟು ಮರುಕದಿಂದ ಮುಖ ನೋಡಿದನೆಂದರೆ ನಿಜವೆಲ್ಲ ಒಮ್ಮೆಗೇ ಹೊರಬಂತು. "ತಪ್ಪಾಯ್ತು ಸರ್! ಎಂಜಿನ್ ಕೆಟ್ಟಿರ್ಲಿಲ್ಲ. ಬೆಳಿಗ್ಗೆ ಚಿನ್ನದ ಹಾಗಿತ್ತು. ನನ್ನ ಹೆಂಡ್ತಿಗೆ ಮಂಡಿ ಆಪರೇಷನ್ ಆಗಿದೆ, ಇವತ್ತು ಬರ್ತಾಳೆ, ಅವಳನ್ನ ಎಲ್ಲಿಗೆ ಅಂತ ನಡೆಸ್ಲಿ? ಅದಕ್ಕೇ ಸುಳ್ಳು ಹೇಳ್ದೆ. ದಂಡ ಹಾಕಿ, ಆದ್ರೆ ಇವತ್ತೊಂದು ದಿನ ಓಡಿಸ್ಬೇಡಿ."

ಫಿಲಿಪಾಳ ಕೈಯ ಬಟ್ಟಲು ಅರ್ಧದಲ್ಲೇ ನಿಂತಿತು.

"ನಾನ್ಯಾಕ್ರೀ ಓಡಿಸ್ಲಿ?" ಎಂದ ಆತ ಕಕ್ಕಾಬಿಕ್ಕಿಯಾಗಿ. "ನಾನು ಬಾತುಕೋಳಿ ಎಣಿಸೋಕೆ ಬಂದೋನು. ನಿಮ್ಮ ದೋಣಿ ಹಿಂದೆ ಮೂರು ಮರಿ ಇದಾವೆ. ಸ್ವಲ್ಪ ಮೆತ್ತಗೆ ಮಾತಾಡಿ, ಹೆದರ್ಕೋತವೆ."

ಟಿಕ್ ಎನ್ನಿಸುತ್ತ ಅವನು ಮುಂದೆ ಹೋದ. ಲಯೊನೆಲ್‌ಗೆ ಹಿಂದೆ ತಿರುಗಲು ಧೈರ್ಯ ಸಾಲಲಿಲ್ಲ. ಗುಂಡಿಯೊಳಗಿಂದ ಕ್ವೆಲ್ಚ್‌ನ ಎಣ್ಣೆಮಸಿಯ ತಲೆ ಮೇಲೆದ್ದಿತು.

"ಚೆನ್ನಾಗಿದ್ದ ಎಂಜಿನ್ನಾ?"

"ಹೂಂ."

"ಏನೂ ಕೆಟ್ಟಿರ್ಲಿಲ್ವಾ?"

"ಇಲ್ಲ ಹರ್ಮನ್. ಕ್ಷಮಿಸು."

ಕ್ವೆಲ್ಚ್ ಉಸ್ಸೆಂದು ಹಲಗೆಯ ಮೇಲೆ ಕುಳಿತ. "ಸದ್ಯ! ಬೆಳಗಿಂದ ಹುಡುಕ್ತಿದೀನಿ, ಏನೂ ಸಿಗ್ತಿಲ್ಲ. ನನ್ನ ಕಾಲ ಮುಗೀತು ಅಂದ್ಕೊಂಡಿದ್ದೆ ಕಣೋ," ಎಂದು ಕಣ್ಣೊರೆಸಿಕೊಂಡ. ಮಸಿಗೈ ತಾಗಿ ಈಗ ಅವನ ಮುಖದಲ್ಲಿ ಮೀಸೆಯೂ ಮೂಡಿತು.

ಆದರೆ ಫಿಲಿಪಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಮಂಡಿ ವಿಷಯ ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು? ನಾವೇನು ರಾಕ್ಷಸರಾ?"

ಅವನು ಉತ್ತರಿಸುವಷ್ಟರಲ್ಲಿ ಒಬ್ಬ ಹುಡುಗಿ ಸೈಕಲ್ಲಿನಿಂದಿಳಿದು ಪೆಟೂನಿಯಾದ ಮಗ್ಗುಲಿನ ಸಂಖ್ಯೆ ನೋಡಿದಳು. ಅವಳ ಕೊರಳಲ್ಲಿ ಕಾಲುವೆಯವರ ಗುರುತಿನ ಚೀಟಿ ಜೋತಾಡುತ್ತಿತ್ತು. ನಿಜವಾದ ತಪಾಸಣೆಯವಳು.

"ನಿಮ್ಮ ವಾರ ಮುಗೀತಲ್ವಾ?"

ಲಯೊನೆಲ್ ಚಾವಣಿಯ ಕಡೆ ಕೈ ತೋರಿಸಿದ. ಅವಳು ಪಂಪು ನೋಡಿದಳು, ಪೈಪು ನೋಡಿದಳು, ಬೆರಳಿಗೊಂದರಂತೆ ನಟ್ಟು ಹಿಡಿದು ಕುಳಿತ ಕ್ವೆಲ್ಚ್‌ನನ್ನು ನೋಡಿದಳು.

"ಅಬ್ಬಾ! ಪೂರ್ತಿ ಹೋಗಿದೆಯಲ್ರೀ."

"ಸ್ಪ್ರಿಂಗ್ ನೀರಲ್ಲಿದೆ," ಎಂದ ಕ್ವೆಲ್ಚ್. "ಹೊಸದು ಬರೋಕೆ ಒಂದು ವಾರ ಬೇಕು." ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಸರಿಹೋಗೋವರೆಗೆ ಇಲ್ಲೇ ಇರಿ. ನಾನು ಬರ್ಕೋತೀನಿ," ಎಂದು ಹುಡುಗಿ ಸೈಕಲ್ ಹತ್ತಿದಳು.

ಬೆರಿಲ್ ಚಪ್ಪಾಳೆ ತಟ್ಟಿದಳು. ಫಿಲಿಪಾಳ ಕೋಪವೂ ಇಳಿಯಿತು. ಹಳದಿ ದೋಣಿಯನ್ನು ಪೆಟೂನಿಯಾದ ಪಕ್ಕಕ್ಕೇ ತಂದು ಕಟ್ಟಿದಳು. ನಾಯಿಯನ್ನು ದಡಕ್ಕೆ ಹೊತ್ತೊಯ್ಯುವ ಕೆಲಸ ಲಯೊನೆಲ್‌ನ ಪಾಲಿಗೆ ಬಂತು. ಅದು ಒಂದು ಮೂಟೆ ಆಲೂಗಡ್ಡೆಯಷ್ಟು ಭಾರವಿತ್ತು. ಆದರೂ ಅವನ ಮನಸ್ಸು ಹತ್ತಿಯಷ್ಟು ಹಗುರಾಗಿತ್ತು.

ಸಂಜೆ ಹೆಟ್ಟಿ ಊರುಗೋಲು ಹಿಡಿದು ಇಳಿಜಾರಿನಲ್ಲಿ ನಗುತ್ತ ಇಳಿದುಬಂದಳು. ತುಕ್ಕು ಹಿಡಿಯದಿರಲೆಂದು ಕ್ವೆಲ್ಚ್ ಚಾವಣಿಯ ಮೇಲಿನ ಸಾಮಾನುಗಳನ್ನೆಲ್ಲ ಟಾರ್ಪಾಲಿನ ಕೆಳಗೆ ಸೇರಿಸಿದ್ದ. ನಾಲ್ವರೂ ಸೇರಿ ಅವಳನ್ನು ಹೂವಿನ ಬುಟ್ಟಿಯಂತೆ ಒಳಗಿಳಿಸಿದರು. ಚಹಾ ಬಂತು, ಕೇಕು ಬಂತು. ಹೆಂಡತಿಯ ಕೈ ಹಿಡಿದು ಕುಳಿತ ಲಯೊನೆಲ್‌ಗೆ ಎಷ್ಟೋ ದಿನಗಳ ಮೇಲೆ ಎದೆತುಂಬ ಉಸಿರಾಡಿದಂತಾಯಿತು.

"ಅಬ್ಬಾ, ಮನೆ ಸೇರಿದೆ," ಎಂದಳು ಹೆಟ್ಟಿ. "ಆ ವಾರ್ಡಲ್ಲಿ ರಾತ್ರಿಯೆಲ್ಲ ಆಂಬುಲೆನ್ಸ್ ಕೂಗು, ಕಣ್ಣು ಮುಚ್ಚಿದ್ರೆ ಕೇಳಿ. ಮಲಗಿದಲ್ಲೇ ತೀರ್ಮಾನ ಮಾಡ್ಬಿಟ್ಟೆ, ಲಯೊನೆಲ್. ಈ ಊರಲ್ಲಿ ಇನ್ನೊಂದು ದಿನ ನನ್ನ ಕೈಲಾಗಲ್ಲ. ಬೆಳಿಗ್ಗೆ ಎದ್ದಕೂಡ್ಲೇ ಹೊರಟುಬಿಡೋಣ. ಹೊಲ, ದನ, ಮರ ಕಾಣೋ ಕಡೆಗೆ."

ಬೆರಿಲ್ ಕೇಕನ್ನು ಬಾಯಿಗಿಟ್ಟುಕೊಂಡವಳು ಅಗಿಯುವುದನ್ನೇ ಮರೆತಳು. ಕ್ವೆಲ್ಚ್ ಚಾವಣಿ ನೋಡಿದ. ಫಿಲಿಪಾ ನಾಯಿಯನ್ನು ನೋಡಿದಳು.

ಲಯೊನೆಲ್ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ. "ಹೆಟ್ಟಿ," ಎಂದ, "ಎಂಜಿನ್ ಕೆಟ್ಟಿದೆ."

ಹೆಟ್ಟಿ ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಕೆನ್ನೆ ತಟ್ಟಿ ಗೊಳ್ಳೆಂದು ನಕ್ಕಳು.

"ಸುಳ್ಳು ಹೇಳೋಕೆ ನಿನಗೆ ಬರಲ್ಲ ಬಿಡು. ಒಳ್ಳೇ ಜಾಗ ಸಿಕ್ಕಿದೆ, ಬಿಟ್ಟು ಹೋಗೋಕೆ ಮನಸ್ಸಿಲ್ಲ, ಅಷ್ಟೇ ತಾನೆ? ಎದ್ದೇಳು, ಒಂದ್ಸಲ ಸ್ಟಾರ್ಟ್ ಮಾಡು. ಆ ಸದ್ದು ಕೇಳಿ ಎಷ್ಟು ದಿನ ಆಯ್ತು!"