ಮೌಸಿನ ಬಾಲಕ್ಕೆ ಚೆಂಡು ಹೂವು

ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಎಲ್ಲಾ ನಂದೇ ಕಿತಾಪತಿ.

ನನ್ನ ಸೊಸೆ ಭಾಗ್ಯ ಮನೆಯಲ್ಲೇ ಕೂತು, ಕಂಪ್ಯೂಟರನ್ನು ಮಲಗಿಸಿ ಎಬ್ಬಿಸುವ ಪ್ರೋಗ್ರಾಮ್ ಬರೆಯುವ ಕೆಲಸ ಮಾಡುತ್ತಾಳೆ. ಮೌಸ್ ಅಲ್ಲಾಡಿಸಿದರೆ ಮಾತ್ರ ಅದು ಏಳಬೇಕು; ಇಲ್ಲದಿದ್ದರೆ ಕರೆಂಟು ಉಳಿಸಿಕೊಂಡು ಬಿದ್ದಿರಬೇಕು. ಮೂರು ಮಕ್ಕಳನ್ನು ಮಲಗಿಸಿ ಎಬ್ಬಿಸಿದ ನನಗೆ ಇದೇನು ದೊಡ್ಡ ವಿದ್ಯೆ ಅನ್ನಿಸಿತ್ತು.

ಅವತ್ತು ಆಯುಧಪೂಜೆ. ಒಂದು ಗಂಟೆ ಅದು ಮಿಸುಕದೆ ಮಲಗಿತೆಂದು ಆಫೀಸಿಗೆ ಬರೆದು ಕಳಿಸಿದರೆ, ಸಂಜೆಯೇ ಹುಣಸಮಾರನಹಳ್ಳಿಯ ತವರಿಗೆ ಹೊರಡುವವಳಿದ್ದಳು ಭಾಗ್ಯ. ಅವರಮ್ಮ ಒಬ್ಬಟ್ಟಿಗೆ ಹೂರಣ ರುಬ್ಬಿಟ್ಟುಕೊಂಡು ಕಾಯುತ್ತಿದ್ದರು.

"ಅತ್ತೆ, ಇದರ ಮೇಲೆ ಏನೂ ಇಡ್ಬೇಡಿ" ಅಂದಿದ್ದಳು.

ಮೇಲೆ ಇಡಲಿಲ್ಲ! ಆದರೆ ಈಳಿಗೆಮಣೆಗೂ ಹೂವಿಟ್ಟು, ಅನ್ನ ಕೊಡೋ ಆಯುಧವನ್ನು ಬೋಳಾಗಿ ಬಿಡೋದು ಹೇಗೆ? ಮೇಜಿನ ಹಿಂದೆ ಜೋತಾಡುತ್ತಿದ್ದ ಮೌಸಿನ ಬಾಲದಂಥ ವೈರ್‌ಗೆ ಒಂದು ಮೊಳ ಚೆಂಡು ಹೂವು ಕಟ್ಟಿದೆ. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು; ಹೂವು ತೂಗಾಡುತ್ತಿತ್ತು.

ಹತ್ತು ನಿಮಿಷಕ್ಕೆ ಕಂಪ್ಯೂಟರ್ ಎದ್ದು ಕೂತಿತು. ಭಾಗ್ಯ ಏನೋ ತಿದ್ದಿ ಮಲಗಿಸಿದಳು. ಮತ್ತೆ ಎದ್ದಿತು.

"ಯಾರೂ ಮುಟ್ಟಿಲ್ಲ. ಯಾಕೆ ಏಳ್ತಿದೆ ಅತ್ತೆ?"

"ದೃಷ್ಟಿ ಕಣೇ! ಎದುರುಮನೆಯವಳು ಬೆಳಿಗ್ಗೆ ಇಣುಕಿ ನೋಡ್ಲಿಲ್ವಾ?"

ಉಪ್ಪು, ಮೆಣಸಿನಕಾಯಿ ನಿವಾಳಿಸಿದೆ. ಸಾಲದೆಂದು, ಅವಳು ಕಾಫಿಗೆ ಎದ್ದಾಗ ಆ ಹೂವಿನ ಜೊತೆಗೇ ಒಂದು ದಪ್ಪ ನಿಂಬೆಹಣ್ಣೂ ಕಟ್ಟಿದೆ. ಆಮೇಲೆ ಕಂಪ್ಯೂಟರಿಗೆ ನಿದ್ದೆಯೇ ಇಲ್ಲ!

ಅವರಮ್ಮನ ಫೋನ್ ಮೇಲೆ ಫೋನ್. ಭಾಗ್ಯ ತಾನು ಬರೆದ ಪ್ರೋಗ್ರಾಮನ್ನೆಲ್ಲ ಅಳಿಸಿ, ಮತ್ತೆ ಬರೆದು, ಕೊನೆಗೆ ಸೆರಗಿಲ್ಲದ್ದಕ್ಕೆ ತೋಳಲ್ಲೇ ಕಣ್ಣೊರೆಸಿಕೊಂಡಳು. ಅದೇ ಹೊತ್ತಿಗೆ ಮೌಸು ನಮ್ಮಿಬ್ಬರ ಕಣ್ಣೆದುರೇ ಹಿಂದಕ್ಕೆ ತೆವಳುತ್ತಾ ಹೋಗಿ ಮೇಜಿನಾಚೆ ದೊಪ್ಪನೆ ಬಿತ್ತು.

ಅವಳು ಬಗ್ಗಿ ನೋಡಿದಳು. "ಅತ್ತೇ!"

"ಮೇಲೆ ಇಟ್ಟಿಲ್ವಲ್ಲ" ಅಂದೆ.

ಹೂವು, ನಿಂಬೆಹಣ್ಣು ಬಿಚ್ಚಿದ ಮೇಲೆ ಕಂಪ್ಯೂಟರ್ ಪೂರ್ತಿ ಒಂದು ಗಂಟೆ ಕೂಸಿನ ಹಾಗೆ ಮಲಗಿತು. ಮೌಸ್ ಅಲ್ಲಾಡಿಸಿದ ತಕ್ಷಣ ಎದ್ದಿತು. ಆಫೀಸಿಗೆ ವರದಿ ಹೋಯಿತು. ಅಷ್ಟರಲ್ಲಿ ಹೊತ್ತು ಮುಳುಗಿ, ಅಲ್ಲಿ ಒಬ್ಬಟ್ಟು ಅವರಿವರ ಪಾಲಾಗಿತ್ತು.

ಮಾರನೇ ದಿನ ಬೆಳಿಗ್ಗೆ ಭಾಗ್ಯಳ ಬ್ಯಾಗು ನಾನೇ ಹೊತ್ತು, ಬೀಗಿತ್ತಿಯ ಮುಂದೆ ತಪ್ಪೊಪ್ಪಿಕೊಳ್ಳಲು ಹೆಬ್ಬಾಳದಲ್ಲಿ ಅವಳ ಜೊತೆ ಬಸ್ ಹತ್ತಿದೆ. ಸುಸ್ತಾಗಿದ್ದ ಅವಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು. ಮಲಗಿದ್ದನ್ನು ಅಲ್ಲಾಡಿಸಬಾರದು! ನಾನು ಕಲ್ಲಿನ ಹಾಗೆ ಕೂತೆ. ಹುಣಸಮಾರನಹಳ್ಳಿ ಬಂತು. ಹೋಯಿತು.

"ಅಜ್ಜೀ, ಏರ್‌ಪೋರ್ಟ್ ಬಂತು" ಅಂದ ಕಂಡಕ್ಟರ್. "ಅವರನ್ನ ಇನ್ನಾದರೂ ಎಬ್ಬಿಸ್ತೀರಾ?"