ಉಬ್ಬುವ ಪೆಟ್ಟಿಗೆ ಮತ್ತು ನನ್ನ ಅತ್ತೆ

ಅತ್ತೆಯ ಮೇಲೆ ನನಗೆ ಅನುಮಾನ ಹುಟ್ಟಿದ್ದು ಮಂಗಳವಾರ ಬೆಳಿಗ್ಗೆ, ಸರಿಯಾಗಿ ಒಂದೂವರೆ ಮಿಲಿಮೀಟರಿನಷ್ಟು. (ಅದಕ್ಕೂ ಮೊದಲೇ ಇತ್ತು, ಅಳೆದಿರಲಿಲ್ಲ ಅಷ್ಟೆ.)

ಮೊಂಟೆವಿಡಿಯೋದ ನಮ್ಮ ಮನೆಯ ಊಟದ ಮೇಜನ್ನು ನನ್ನ ದೈತ್ಯ ಕಂಪ್ಯೂಟರ್ ಆರು ವರ್ಷದಿಂದ ಆಕ್ರಮಿಸಿಕೊಂಡಿದೆ. ಕೊನೆಗೆ ಹೆಂಡತಿ ಸುಲ್ಮಾ ರಾಜಾಜ್ಞೆ ಹೊರಡಿಸಿದಳು.

"ನೋಡು ವಿಲ್ಮಾರ್, ಭಾನುವಾರ ನನ್ನ ತಮ್ಮನ ಮನೆಯವರು ಊಟಕ್ಕೆ ಬರ್ತಾರೆ. ಅಷ್ಟರೊಳಗೆ ಈ ಬೀರು ಇಲ್ಲಿಂದ ಏಳಲಿಲ್ಲ ಅಂದ್ರೆ ಹಿತ್ತಲಿಗೆ ಹೋಗತ್ತೆ. ಜೊತೆಗೆ ನೀನೂ!"

ಹಿತ್ತಲಲ್ಲಿರುವುದು ಮಾಂಸ ಸುಡುವ ಒಲೆ, ಸೋರುವ ತಗಡಿನ ಸೂರು. ಆದ್ದರಿಂದ ಇಡೀ ಕಂಪ್ಯೂಟರನ್ನು ಒಂಬತ್ತೇ ಲೀಟರಿನ ಪೆಟ್ಟಿಗೆಗೆ ಇಳಿಸುವ ಮಹಾಯೋಜನೆ ಕೈಗೊಂಡೆ. (ಈ ಹುಚ್ಚು ಹಿಡಿದವರೆಲ್ಲ ಪೆಟ್ಟಿಗೆಯನ್ನು ಹಾಲಿನಂತೆ ಲೀಟರಿನಲ್ಲೇ ಅಳೆಯುತ್ತೇವೆ.) ನಕ್ಷೆ ಬರೆದು, ಮರದ ಪುಡಿ ಒತ್ತಿ ಮಾಡಿದ ಹಲಗೆಯಲ್ಲಿ ಮಾದರಿ ಕೊಯ್ದು ಅಂಟಿಸಿದೆ. ಗಾಳಿಗೆ ತೂತು, ಎತ್ತಲು ಹಿಡಿಕೆ. ಒಳಗೆ ಬಿಟ್ಟ ಜಾಗ ಒಂದೇ ಮಿಲಿಮೀಟರ್. ಸೋಮವಾರ ಮುಚ್ಚಳ ಟಕ್ಕೆಂದು ಕೂತಿತು.

ಮಂಗಳವಾರ ಕೂರಲಿಲ್ಲ! ವರ್ನಿಯರ್ ಹಿಡಿದು ಅಳೆದರೆ ಮುಚ್ಚಳ ಒಂದೂವರೆ ಮಿಲಿಮೀಟರ್ ದಪ್ಪಗಾಗಿದೆ. ಬುಧವಾರ ಎರಡು. ಇದು ನಮ್ಮ ಜೊತೆಗೇ ಇರುವ ಅತ್ತೆ, ಸುಲ್ಮಾಳ ತಾಯಿ ಡೋನ್ಯಾ ಇರ್ಮಾರ ಕೈವಾಡವೇ ಸರಿ. ಕಂಪ್ಯೂಟರ್ ಹಿತ್ತಲು ಸೇರಿದರೆ ಮೇಜು ಅವರ ಇಸ್ಪೀಟಿನ ಗುಂಪಿಗೆ ಸಿಗುತ್ತದಲ್ಲ!

ಕಾವಲು ಕೂತೆ. ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು, ಸೋರೆಬುರುಡೆಯಲ್ಲಿ ಮಾಟೆ ಸೊಪ್ಪಿನ ಕಷಾಯ. ಹೀರುವುದು, ನೀರು ಬಗ್ಗಿಸುವುದು, ಅತ್ತೆಯನ್ನು ದುರುಗುಟ್ಟಿ ನೋಡುವುದು. ವಿಚಿತ್ರವೆಂದರೆ, ನಾನು ಕಾದಷ್ಟೂ ಮುಚ್ಚಳ ಉಬ್ಬಿತು. ಶುಕ್ರವಾರ ಪೆಟ್ಟಿಗೆಯ ಸುತ್ತ ಮೈದಾಹಿಟ್ಟು ಚೆಲ್ಲಿ ಮಲಗಿದೆ. ಬೆಳಿಗ್ಗೆ ಹಿಟ್ಟಿನ ಮೇಲೆ ಒಂದು ಬೆರಳಿನ ಗುರುತೂ ಇಲ್ಲ. ಎಷ್ಟು ಪಳಗಿದ ಕೈ ಇರಬೇಕು!

ಭಾನುವಾರ ಭಾವಮೈದುನನ ಸಂಸಾರದೆದುರೇ ಸ್ಫೋಟಿಸಿದೆ.

"ಡೋನ್ಯಾ ಇರ್ಮಾ, ನಿಜ ಹೇಳಿಬಿಡಿ. ನನ್ನ ಪೆಟ್ಟಿಗೆಗೆ ಏನು ಮಾಡಿದ್ರಿ?"

"ನಾನ್ಯಾಕಪ್ಪ ಅದನ್ನ ಮುಟ್ಟಲಿ?"

"ಹಾಗಾದ್ರೆ ಹಲಗೆಗೆ ತಾನಾಗೇ ಹೊಟ್ಟೆ ಬಂತಾ?"

ಅತ್ತೆ ಕನ್ನಡಕ ಏರಿಸಿದರು. "ಆ ಬುರುಡೆ ಎತ್ತು."

ಮಾಟೆಯ ಬುರುಡೆ ಮುಚ್ಚಳದ ಮೇಲಿತ್ತು. (ಮೇಜಿನಲ್ಲಿ ಬೇರೆಲ್ಲಿದೆ ಜಾಗ?) ಎತ್ತಿದೆ. ಕೆಳಗೆ ಬುರುಡೆಯಷ್ಟೇ ದುಂಡನೆಯ ಒದ್ದೆ ಕಲೆ. ಅತ್ತೆ ಬೆರಳಿಟ್ಟು ಒತ್ತಿದರೆ ಹಲಗೆ ಹಾಲಲ್ಲಿ ನೆನೆದ ಬ್ರೆಡ್ಡಿನಂತೆ ಒಳಗೆ ಹೋಯಿತು.

"ದಿನಕ್ಕೆ ಮೂರು ಫ್ಲಾಸ್ಕ್ ನೀರು! ಅರ್ಧ ನಿನ್ನ ಹೊಟ್ಟೆಗೆ, ಅರ್ಧ ಅದರ ಹೊಟ್ಟೆಗೆ."

"ಮೊದಲೇ ಹೇಳಬಾರದಿತ್ತಾ?"

"ಹತ್ತಿರ ಬಂದ್ರೆ ಕಳ್ಳೀನ ನೋಡಿದ ಹಾಗೆ ನೋಡ್ತಿದ್ದೆ. ಹೇಳೋದು ಹೇಗೆ?"

ಭಾವಮೈದುನ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಸುಲ್ಮಾ ನಗಲಿಲ್ಲ, ಹಿತ್ತಲ ಬಾಗಿಲು ತೆರೆದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಈಗ ಇದನ್ನು ಹಿತ್ತಲಿನಿಂದಲೇ ಬರೆಯುತ್ತಿದ್ದೇನೆ. ಪೆಟ್ಟಿಗೆಯನ್ನು ಅತ್ತೆ ಒಣಗಿಸಿ ತಮ್ಮದಾಗಿಸಿಕೊಂಡರು. ಅವರ ಫ್ಲಾಸ್ಕು, ಬುರುಡೆ, ಸೊಪ್ಪಿನ ಪೊಟ್ಟಣ ಅದರಲ್ಲಿ ಹೇಳಿ ಮಾಡಿಸಿದಂತೆ ಕೂರುತ್ತವೆ. ಹಿಡಿಕೆ ಹಿಡಿದು ದಿನಾ ಸಂಜೆ ನದಿಯ ದಂಡೆಗೆ ವಾಯುವಿಹಾರಕ್ಕೆ ಹೋಗುತ್ತಾರೆ. ಅದನ್ನು ಕಂಡ ಇಸ್ಪೀಟಿನ ಗೆಳತಿಯರು ಮೂವರೂ ಅಂಥದ್ದೇ ಬೇಕೆಂದಿದ್ದಾರಂತೆ.

ಆ ಮೂರು ಪೆಟ್ಟಿಗೆಗಳಿಗೆ ನಾನು ಹಲಗೆ ಕೊಯ್ಯುವಾಗ ಅತ್ತೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಕೈಯಲ್ಲಿ ನನ್ನದೇ ವರ್ನಿಯರ್. ನನ್ನ ಮಾಟೆ ಬುರುಡೆಯನ್ನು ಅಡುಗೆಮನೆಯಲ್ಲಿ ಬೀಗ ಹಾಕಿ ಇಟ್ಟಿದ್ದಾರೆ.